ಒಲೆ ಮುಂದೆ ಕ್ಯಾಮೆರಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ದಿನನಿತ್ಯದ ಊಟ-ತಿಂಡಿಯನ್ನೇ ಇಟ್ಟುಕೊಂಡು ಕಿರುಚಿತ್ರ ಮಾಡುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಶಿವಮೊಗ್ಗ ಜಿಲ್ಲೆಯವು, ಹಾಗಾಗಿ ಉತ್ತರಗಳೂ ಮಲೆನಾಡಿನ ಅಡುಗೆಮನೆ ದಾಟಿ ಹೋಗಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ನಿಮ್ಮ ಹತ್ತಿರ ಇರುವುದು ಒಂದು ಮೊಬೈಲು, ಒಂದು ಟ್ರೈಪಾಡ್ ಎಂದುಕೊಂಡೇ ಬರೆದಿದ್ದೇವೆ.

ಪ್ರಶ್ನೆ: ಕಿರುಚಿತ್ರ ಮಾಡುವ ಆಸೆಯಿದೆ. ಕೇಳಿದವರೆಲ್ಲ ‘ನಿಮ್ಮ ಸುತ್ತಮುತ್ತ ಇರುವುದನ್ನೇ ನೋಡಿ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಅದೇ ಸಾರು. ಇದರಲ್ಲಿ ಕಥೆ ಎಲ್ಲಿಂದ ತರಲಿ? (ತೀರ್ಥಹಳ್ಳಿಯಿಂದ)

ಉತ್ತರ: ಬಡಿಸಿದ ತಟ್ಟೆಯಲ್ಲಿ ಹುಡುಕುತ್ತಿದ್ದೀರಿ, ಅದಕ್ಕೇ ಸಿಗುತ್ತಿಲ್ಲ. ತಟ್ಟೆಗೆ ಬಿದ್ದ ದೋಸೆಗೆ ಇನ್ನೇನೂ ಆಗುವುದಿಲ್ಲ, ಯಾರೋ ತಿಂದು ಕೈ ತೊಳೆಯುತ್ತಾರೆ, ಅಷ್ಟೆ. ಏನಾದರೂ ಕೆಡುವುದಿದ್ದರೆ ಅದಕ್ಕೂ ಮೊದಲೇ ಕೆಡಬೇಕು. ಯಾವ ಅಡುಗೆಯನ್ನಾದರೂ ತೆಗೆದುಕೊಂಡು ಮೂರು ಮಾತು ಕೇಳಿ: ಇದಕ್ಕೆ ಎಷ್ಟು ಹೊತ್ತು ಬೇಕು? ಯಾವ ಗಳಿಗೆ ತಪ್ಪಿದರೆ ಮತ್ತೆ ಸರಿ ಮಾಡಲಾಗದು? ಆ ಗಳಿಗೆಯಲ್ಲಿ ಯಾರು ಅಲ್ಲಿ ನಿಂತಿರಲೇಬೇಕು? ಮೂರಕ್ಕೂ ಉತ್ತರ ಸಿಕ್ಕಿದರೆ ಚಿತ್ರದ ಅವಧಿ, ಬಿಕ್ಕಟ್ಟು, ಪಾತ್ರ ಎಲ್ಲ ಒಟ್ಟಿಗೇ ಸಿಕ್ಕ ಹಾಗೆ.

ನಿಮ್ಮ ದೋಸೆಯನ್ನೇ ನೋಡೋಣ. ಅಕ್ಕಿ ನಾಲ್ಕೈದು ಗಂಟೆ ನೆನೆಯಬೇಕು, ರಾತ್ರಿ ರುಬ್ಬಬೇಕು, ಬೆಳಗಾಗುವುದರೊಳಗೆ ಹಿಟ್ಟು ಹುಳಿ ಬರಬೇಕು. ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಉಕ್ಕುವ ಹಿಟ್ಟು ಆಷಾಢದ ಥಂಡಿಯಲ್ಲಿ ಹನ್ನೆರಡು ಗಂಟೆ ಕಳೆದರೂ ಮಿಸುಕುವುದಿಲ್ಲ. ಅದಕ್ಕೇ ಪಾತ್ರೆಯನ್ನು ಒಲೆಯ ಕಾವಿನ ಪಕ್ಕ, ಹಳೆ ಬಟ್ಟೆ ಸುತ್ತಿ ಇಡುವುದು. ಈಗ ಹೀಗೆ ಯೋಚಿಸಿ. ಜುಲೈ ತಿಂಗಳ ರಾತ್ರಿ ಎಂಟೂವರೆ. ಎರಡು ದಿನದಿಂದ ಮಳೆ ಹೊಳವಾಗಿದೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರು ಬೆಳಿಗ್ಗೆ ಬರುತ್ತೇವೆ ಎಂದಿದ್ದಾರೆ, ಅವರ ತಿಂಡಿಗೆ ಈ ದೋಸೆಯೇ ಆಗಬೇಕು. ಹೊಳವಾದಾಗ ಎಲ್ಲರ ತೋಟಕ್ಕೂ ಅವರೇ ಬೇಕು. ಒಂದು ಮನೆ ತಪ್ಪಿಸಿದರೆ ಇನ್ನೊಂದು ಮನೆ ಕಾಯುತ್ತಿರುತ್ತದೆ. ಮಿಕ್ಸಿಯಲ್ಲಿ ಹಿಟ್ಟು ಅರ್ಧ ತಿರುಗಿದೆ, ಕರೆಂಟು ಹೋಯಿತು. ಲೈನಿನ ಮೇಲೆ ಮರ ಬಿದ್ದಿದೆ, ಇವತ್ತು ಬರುವ ಮಾತಿಲ್ಲ. ರುಬ್ಬುವ ಕಲ್ಲು ಹಿಂದಿನ ಜಗಲಿಯಲ್ಲಿ ಕಟ್ಟಿಗೆ ರಾಶಿಯ ಹಿಂದೆ ಇದೆ. ರುಬ್ಬಲು ಬರುವುದು ಅಮ್ಮನಿಗೆ, ಅವಳ ಬಲಗೈ ಮೇಲೇಳುವುದಿಲ್ಲ. ಕೈಯಲ್ಲಿ ಶಕ್ತಿ ಇರುವುದು ಮಗನಿಗೆ, ಅವನು ಗುಂಡು ಮುಟ್ಟಿದವನೇ ಅಲ್ಲ.

ಏಳೆಂಟು ನಿಮಿಷಕ್ಕೆ ಇಷ್ಟು ಸಾಕು. ಮಾತೆಲ್ಲ ಹಿಟ್ಟಿನದ್ದೇ ಇರಲಿ: ‘ನೀರು ಸಾಕು’, ‘ಬೆರಳು ಹುಷಾರು’, ‘ಸುತ್ತಬೇಡ, ನೂಕು’. ತಾಯಿ-ಮಗನ ನಡುವೆ ಹಳೆಯ ಮುನಿಸು ಇದ್ದರೆ ಅದು ಇದೇ ಮಾತುಗಳ ದನಿಯಲ್ಲಿ ಬರಬೇಕು. ಇಲ್ಲಿ ಹೊಸಬರು ಎಡವುವ ಜಾಗಗಳು ಗೊತ್ತಿರುವಂಥವೇ. ಅಪ್ಪ ಸತ್ತ ದಿನದ ಫ್ಲ್ಯಾಶ್‌ಬ್ಯಾಕ್ ತುರುಕುತ್ತಾರೆ, ಅಥವಾ ‘ನೀನು ಊರು ಬಿಟ್ಟು ಹೋದಮೇಲೆ’ ಎಂದು ಶುರುವಾಗುವ ಒಂದು ಪುಟದ ಸಂಭಾಷಣೆ ಬರೆಯುತ್ತಾರೆ. ಹಿಟ್ಟು ನುಣ್ಣಗಾಗುತ್ತದೋ ಇಲ್ಲವೋ ಎಂಬ ಕುತೂಹಲ ಅಲ್ಲಿಗೆ ಸತ್ತಿತು. ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ರೂಢಿಯಲ್ಲಿದೆ. ಮಾತು ಕಡಿಮೆ, ಕೆಲಸ ಹೆಚ್ಚು ಇರುವ ಇಂಥ ಚಿತ್ರದಲ್ಲಿ ಅದು ಒಂದೂವರೆ ನಿಮಿಷಕ್ಕೆ ಹೋಗುತ್ತದೆ. ಐದು ಪುಟಕ್ಕಿಂತ ಹೆಚ್ಚು ಬರೆಯಬೇಡಿ.

ಇಂಥದ್ದು ಕಣ್ಣಿಗೆ ಬೀಳಬೇಕಾದರೆ ಕ್ಯಾಮೆರಾ ಇಲ್ಲದೆ ಒಂದು ಗಂಟೆ ಅಡುಗೆಮನೆಯ ಮೂಲೆಯಲ್ಲಿ ಕೂರಿ. ಒಂದೊಂದು ಸಾಲಿನಲ್ಲಿ ಗಂಟೆ ಎಷ್ಟು, ಯಾರ ಕೈ, ಏನು ಮಾಡಿತು ಎಂದಷ್ಟೇ ಬರೆಯಿರಿ. ‘ಘಮಘಮ’, ‘ಬಾಯಲ್ಲಿ ನೀರು’ ಎಲ್ಲ ಬೇಡ. ಕೊನೆಗೆ, ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಯಾರು ಕರೆದರು, ಏಕೆ ಹೋದರು, ವಾಪಸು ಬಂದಾಗ ಒಲೆಯ ಮೇಲಿದ್ದದ್ದು ಏನಾಗಿತ್ತು ಎಂಬುದರಲ್ಲೇ ದೃಶ್ಯಗಳಿರುತ್ತವೆ.

ಪ್ರಶ್ನೆ: ಕಡುಬು, ಕಳಲೆ, ಮಿಡಿ ಉಪ್ಪಿನಕಾಯಿ, ತೊಡದೇವು: ಇವುಗಳಲ್ಲಿ ಯಾವುದು ಸಿನಿಮಾಕ್ಕೆ ಚೆನ್ನ? (ಸಾಗರದಿಂದ)

ಉತ್ತರ: ಚೆನ್ನ ಅನ್ನುವುದಕ್ಕಿಂತ ನಿಮ್ಮ ಕಥೆ ಎಷ್ಟು ಕಾಲದ್ದು ಎಂದು ನೋಡಿಕೊಳ್ಳಿ. ಅಡುಗೆಯ ಕಾಲ ಅದಕ್ಕೆ ಹೊಂದಬೇಕು.

ಸೆಕೆಂಡಿನಲ್ಲಿ ತೀರ್ಮಾನವಾಗುವಂಥವು ಅಕ್ಕಿರೊಟ್ಟಿ ಮತ್ತು ತೊಡದೇವು. ಉಕ್ಕರಿಸಿದ, ಅಂದರೆ ಕುದಿನೀರಿನಲ್ಲಿ ಬೇಯಿಸಿ ನಾದಿದ ಹಿಟ್ಟಿನ ರೊಟ್ಟಿ ಕಾವಲಿಯಿಂದ ಕೆಂಡಕ್ಕೆ ಬಂದು ಉಬ್ಬುವುದು ಕೆಲವೇ ಸೆಕೆಂಡು. ಲಟ್ಟಿಸುವಾಗ ಎಲ್ಲೋ ಒಂದು ಕಡೆ ಹರಿದಿದ್ದರೆ ಹಬೆ ಅಲ್ಲೇ ಸೋರಿ ರೊಟ್ಟಿ ಏಳುವುದೇ ಇಲ್ಲ. ತೊಡದೇವಿನಲ್ಲಿ ಇನ್ನೂ ಬಿಗಿ: ಬೋರಲು ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಒಂದೇ ಸಲ ಬಳಿಯಬೇಕು, ಬಿಸಿಯಿರುವಾಗಲೇ ಎಬ್ಬಿಸಿ ಮಡಿಸಬೇಕು. ಆರಿದರೆ ಮಡಿಸುವಾಗಲೇ ಪುಡಿಯಾಗುತ್ತದೆ. ಕ್ಯಾಮೆರಾ ಇಂಥ ಕೆಲಸದ ಹಿಂದೆ ಓಡಬಾರದು, ಒಂದೇ ಚೌಕಟ್ಟಿನಲ್ಲಿ ಕಾಯುತ್ತಾ ಕೂರಬೇಕು. ಹತ್ತು ಮಾಡಿಸಿದರೆ ಮೂರು ಸರಿಯಾಗಿ ಸಿಗುತ್ತವೆ. ಹಿಟ್ಟು ಆ ಲೆಕ್ಕಕ್ಕೇ ಕಲಸಿ.

ಕಡುಬು ಇಪ್ಪತ್ತು ನಿಮಿಷದ್ದು, ಕಿರುಚಿತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು, ಉಪ್ಪು. ನೀರು ಕುದಿಯುವಾಗ ತರಿ ಸುರಿದು ಗಂಟಿಲ್ಲದ ಹಾಗೆ ತಿರುವಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ಕೈ ಸುಡುವಷ್ಟು ಬಿಸಿಯಲ್ಲೇ ನೀರು ಮುಟ್ಟಿಕೊಂಡು ನಾದಿ ಉಂಡೆ ಕಟ್ಟಬೇಕು. ಆರಿದ ಮೇಲೆ ಕಟ್ಟಿದರೆ ಉಂಡೆಯ ಮೈ ಸೀಳುತ್ತದೆ, ಅದು ಕ್ಲೋಸಪ್‌ನಲ್ಲಿ ಎದ್ದು ಕಾಣುತ್ತದೆ. ಆಮೇಲೆ ಹಬೆಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ, ಮುಚ್ಚಳ ತೆಗೆಯುವ ಹಾಗಿಲ್ಲ. ಕಥೆ ಬರೆಯುವವರಿಗೆ ಬೇಕಾದದ್ದು ಈ ಮುಚ್ಚಿದ ಇಪ್ಪತ್ತು ನಿಮಿಷ: ಕೈ ಖಾಲಿ, ಆದರೆ ಜಾಗ ಬಿಟ್ಟು ಕದಲುವಂತಿಲ್ಲ. ಆಡದೆ ಉಳಿದ ಮಾತೆಲ್ಲ ಆಗಲೇ ಹೊರಗೆ ಬರುತ್ತದೆ.

ಕಳಲೆ ಮೂರು ದಿನದ್ದು. ಮಳೆ ಹಿಡಿದ ಮೇಲೆ ಬರುವ ಎಳೆ ಬಿದಿರನ್ನು ಸಿಪ್ಪೆ ಬಿಡಿಸಿ, ತೆಳ್ಳಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ ದಿನಾ ನೀರು ಬದಲಿಸುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಈ ನೀರು ಚೆಲ್ಲುವುದನ್ನು ತಪ್ಪಿಸುವ ಹಾಗಿಲ್ಲ, ಚಿತ್ರದ ಅವಸರಕ್ಕೂ ಇಲ್ಲ. ಮೂರೂ ದಿನ ಟ್ರೈಪಾಡಿನ ಕಾಲು ಇಟ್ಟ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅದೇ ಎತ್ತರದಿಂದ ನೀರು ಚೆಲ್ಲುವ ಶಾಟ್ ತೆಗೆಯಿರಿ. ‘ಮರುದಿನ’ ಎಂದು ಅಕ್ಷರ ಹಾಕುವ ಕೆಲಸ ತಪ್ಪುತ್ತದೆ. ಕೀಳುವುದನ್ನು ತೋರಿಸುವುದಾದರೆ ಸ್ವಂತ ಬೇಲಿಯ ಬಿದಿರು ಹಿಂಡಿಗೆ ಹೋಗಿ. ಮೀಸಲು ಅರಣ್ಯದಲ್ಲಿ ಕಳಲೆ ಕಿತ್ತರೂ ತಪ್ಪು, ಅನುಮತಿ ಇಲ್ಲದೆ ಶೂಟಿಂಗ್ ಮಾಡಿದರೂ ತಪ್ಪು.

ಅಪ್ಪೆಮಿಡಿಗೆ ವರ್ಷವೇ ಬೇಕು. ಬೇಸಿಗೆಯ ಆರಂಭದಲ್ಲಿ ಮಿಡಿ ಕೊಯ್ದು, ತೊಟ್ಟಿನ ಸಮೇತ ಉಪ್ಪಿನಲ್ಲಿ ಹಾಕಿ, ಅವು ನೀರು ಬಿಟ್ಟು ಸುಕ್ಕಾದ ಮೇಲೆ ಸಾಸಿವೆ-ಮೆಣಸಿನ ಖಾರ ಅರೆದು ಬೆರೆಸುತ್ತಾರೆ. ತೊಟ್ಟು ಮುರಿದರೆ ಸೊನೆ ಹೋಯಿತು, ಸೊನೆ ಹೋದರೆ ಆ ಪರಿಮಳವೂ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದು ಸೇರಿಕೊಂಡರೂ ಭರಣಿಯೇ ಕೆಡಬಹುದು. ಅದಕ್ಕೇ ಮರ ಹತ್ತಿದವರು ಉದುರಿಸುವುದಿಲ್ಲ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಮರದ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಓಡಾಡುವ ಆ ಹಗ್ಗ ಒಂದನ್ನೇ ಹಿಡಿದು ಸಾಕ್ಷ್ಯಚಿತ್ರ ಮಾಡಬಹುದು. ಆದರೆ ಮಿಡಿ ಕಾಲ ತಪ್ಪಿತೆಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಮೊದಲ ಚಿತ್ರಕ್ಕೆ ಬೇಡ.

ಪ್ರಶ್ನೆ: ಕಡುಬಿನ ಮೇಲೆ ಹಬೆ ಆಡುವುದು ಕಣ್ಣಿಗೆ ಕಾಣುತ್ತದೆ, ಮೊಬೈಲಿನಲ್ಲಿ ಏನೂ ಇಲ್ಲ. ಅನ್ನ ಸುಣ್ಣದ ಮುದ್ದೆಯಾಗಿ ಬರುತ್ತದೆ, ಸಾರು ಮಸಿಯಾಗಿ ಬರುತ್ತದೆ. (ಶಿವಮೊಗ್ಗದಿಂದ)

ಉತ್ತರ: ನಿಮ್ಮ ಬೆಳಕು ಕ್ಯಾಮೆರಾದ ಕಡೆಯಿಂದ ಬೀಳುತ್ತಿದೆ. ಹಬೆ ಎಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಅವು ಹೊಳೆಯುತ್ತವೆ. ಪಾತ್ರೆಯನ್ನು ಕಿಟಕಿಯ ಹತ್ತಿರ ತನ್ನಿ, ಕಿಟಕಿ ಪಾತ್ರೆಯ ಹಿಂದೆ ಓರೆಯಾಗಿರಲಿ, ನೇರ ಹಿಂದೆ ಬೇಡ. ಪಾತ್ರೆಯ ಹಿಂದೆ ಚೌಕಟ್ಟಿನಲ್ಲಿ ಕಾಣುವ ಜಾಗ ಕಪ್ಪಾಗಿರಬೇಕು. ಹೊಗೆ ಹಿಡಿದ ಹಳೆಯ ಗೋಡೆ ಇದ್ದರೆ ನಿಮ್ಮ ಪುಣ್ಯ, ಬಿಳಿ ಟೈಲ್ಸ್ ಇದ್ದರೆ ಕಂಬಳಿ ಇಳಿಬಿಡಿ. ತಟ್ಟೆಗೆ ಹಾಕಿದ ಕಡುಬು ಒಂದೆರಡು ನಿಮಿಷಕ್ಕೆ ಹಬೆ ನಿಲ್ಲಿಸುತ್ತದೆ. ನಟರು ಸಿದ್ಧರಾಗಿ ಕೂತ ಮೇಲೆ ಬಡಿಸಿ. ಬರಿಯ ತಟ್ಟೆಯ ಶಾಟ್ ಆದರೆ ತಟ್ಟೆಯ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ, ಕುದಿನೀರಿನ ಬಟ್ಟಲು ಇಟ್ಟರೆ ಕೆಲಸ ಸಾಗುತ್ತದೆ. ಫ್ಯಾನು ಆರಿಸಿರಿ.

ಅನ್ನ ಸುಣ್ಣವಾಗಲು ಕಾರಣ ಆಟೊ ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಬೇಕೆಂದು ಮೊಬೈಲೇ ತೀರ್ಮಾನಿಸುವುದು. ಮೊಬೈಲು ಕಪ್ಪು ಗೋಡೆಯನ್ನು ಕಂಡು ‘ಕತ್ತಲಿದೆ’ ಎಂದು ಇಡೀ ಚಿತ್ರವನ್ನು ಬೆಳಗಿಸುತ್ತದೆ. ಅನ್ನದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ, ಅಗುಳು ಅಗುಳಾಗಿ ಕಾಣುವವರೆಗೆ ಬೆರಳನ್ನು ಕೆಳಗೆ ಎಳೆಯಿರಿ. ಗೋಡೆ ಕಪ್ಪಾಗಿಯೇ ಇರಲಿ. ಕತ್ತಲಲ್ಲಿ ಇದ್ದದ್ದನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಯಾರೂ ತರಲಾರರು. ಸಾರಿಗೆ ಎದುರು ಬದಿಯಿಂದ ಒಂದು ಬಿಳಿ ಥರ್ಮಾಕೋಲ್ ಹಲಗೆ ಹಿಡಿದರೆ ಮೇಲಿನ ಎಣ್ಣೆ ಮಿಂಚುತ್ತದೆ. ವೈಟ್ ಬ್ಯಾಲೆನ್ಸನ್ನೂ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಹೊಂದಿಸುವುದು) ಲಾಕ್ ಮಾಡಿ. ಇಲ್ಲದಿದ್ದರೆ ಒಲೆಯ ಉರಿ ಚೌಕಟ್ಟಿಗೆ ಬಂದ ಕೂಡಲೇ ಇಡೀ ಅಡುಗೆಮನೆ ನೀಲಿಗೆ ತಿರುಗುತ್ತದೆ. ಬೆಂಕಿಯ ಬಣ್ಣ ಸುಮಾರು 2000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಮೋಡದ ದಿನದ ಕಿಟಕಿ 6500ರ ಹತ್ತಿರ. ಎರಡೂ ಒಟ್ಟಿಗಿದ್ದರೆ 4500ರಲ್ಲಿ ನಿಲ್ಲಿಸಿ: ಉರಿ ಕೆಂಪಾಗಿ, ಮಳೆ ತಣ್ಣಗೆ ಉಳಿಯುತ್ತದೆ.

ಹಳೆಯ ಮನೆಯಾದರೆ ಗಾಜಿನ ಹಂಚಿನಿಂದ ಇಳಿಯುವ ಬಿಸಿಲುಕೋಲನ್ನು ಬಿಡಬೇಡಿ, ಆದರೆ ಅದನ್ನು ನಂಬಿ ಸಾವಕಾಶವಾಗಿಯೂ ಕೂರಬೇಡಿ. ಹತ್ತಡಿ ಎತ್ತರದ ಹಂಚಿನಿಂದ ಬಿದ್ದ ಬಿಸಿಲು ಇಪ್ಪತ್ತು ನಿಮಿಷದಲ್ಲಿ ನೆಲದ ಮೇಲೆ ಹೆಚ್ಚುಕಡಿಮೆ ಒಂದಡಿ ಸರಿದಿರುತ್ತದೆ. ಎರಡು ಶಾಟ್ ಸೇರಿಸಿ ನೋಡಿದಾಗ ಅಮ್ಮನ ಮುಖದ ಮೇಲಿದ್ದ ಬೆಳಕು ಮೊಣಕೈಗೆ ಜಾರಿರುವುದು ಗೊತ್ತಾಗುತ್ತದೆ. ಹಿಂದಿನ ದಿನವೇ ಅದೇ ಹೊತ್ತಿಗೆ ಹೋಗಿ ಎಲ್ಲಿ ಬೀಳುತ್ತದೆ ನೋಡಿಕೊಂಡು, ಆ ಬೆಳಕು ಬೇಕಾದ ಶಾಟ್‌ಗಳನ್ನೆಲ್ಲ ಮೊದಲು ಮುಗಿಸಿ.

ಪ್ರಶ್ನೆ: ಊರಿನ ಒಂದು ಸಣ್ಣ ಹೋಟೆಲಿನಲ್ಲಿ ಶೂಟ್ ಮಾಡಿದೆವು. ಚಿತ್ರದ ತುಂಬ ಅಡ್ಡ ಪಟ್ಟೆಗಳು ಓಡುತ್ತಿವೆ. ಸ್ಲೋ ಮೋಷನ್‌ನಲ್ಲಂತೂ ಇನ್ನೂ ಜೋರು. (ಭದ್ರಾವತಿಯಿಂದ)

ಉತ್ತರ: ನಮ್ಮ ಕರೆಂಟು 50 ಹರ್ಟ್ಸ್. ಅದರ ಮೇಲೆ ಉರಿಯುವ ಟ್ಯೂಬು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಅಥವಾ 1/100 ಸೆಕೆಂಡು ಇಟ್ಟರೆ ಪಟ್ಟೆ ಹೋಗುತ್ತದೆ. ಸೆಕೆಂಡಿಗೆ 25 ಫ್ರೇಮು ಇಟ್ಟರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಆ್ಯಪ್‌ನಲ್ಲಿ ‘ಪ್ರೊ’ ಬಗೆಯ ಆಯ್ಕೆ ಇದ್ದರೆ ಇವು ಸಿಗುತ್ತವೆ. ಸ್ಲೋ ಮೋಷನ್‌ನಲ್ಲಿ ಮೊಬೈಲು 120 ಅಥವಾ 240 ಫ್ರೇಮು ತೆಗೆಯುತ್ತದೆ, ಅಲ್ಲಿ ಶಟರನ್ನು 1/100ಕ್ಕೆ ಇಳಿಸಲು ಜಾಗವೇ ಇಲ್ಲ. ಒಗ್ಗರಣೆ ಸಿಡಿಯುವ ಸ್ಲೋ ಮೋಷನ್ ಬೇಕೆಂದರೆ ಒಲೆಯನ್ನು ಹಗಲು ಬೆಳಕಿಗೆ ತನ್ನಿ. ನಿಜ ಹೇಳಬೇಕೆಂದರೆ ಸಾಸಿವೆ ಸಿಡಿಯುವ ಸ್ಲೋ ಮೋಷನ್ ನೋಡಿ ನೋಡಿ ಸಾಕಾಗಿದೆ. ಜಾಹೀರಾತಿನವರಿಗೆ ಬಿಟ್ಟುಕೊಡಿ.

ಹೋಟೆಲಿನಲ್ಲಿ ಶೂಟ್ ಮಾಡಲು ಮಧ್ಯಾಹ್ನದ ಊಟ ಮುಗಿದು ಸಂಜೆ ಬಜ್ಜಿ ಬಾಣಲೆ ಇಡುವ ಮೊದಲಿನ ಹೊತ್ತು ಕೇಳಿ. ಫ್ರಿಜ್ಜು, ಎಕ್ಸಾಸ್ಟ್ ಫ್ಯಾನು ಆರಿಸಲು ಒಪ್ಪಿಸಿ. ಆರಿಸಿದ ಫ್ರಿಜ್ಜಿನ ಮೇಲೆ ಕಾರಿನ ಕೀಲಿ ಇಡಿ, ಹೊರಡುವಾಗ ಮತ್ತೆ ಹಾಕುವುದನ್ನು ಮರೆಯುವುದಿಲ್ಲ.

ಪ್ರಶ್ನೆ: ಮಳೆಗಾಲದ ಅಡುಗೆಮನೆಯ ಚಿತ್ರ. ತಗಡಿನ ಮಾಡಿನ ಮೇಲೆ ಮಳೆ ಬಿದ್ದು ಒಂದು ಮಾತೂ ಕೇಳುತ್ತಿಲ್ಲ. ಡಬ್ ಮಾಡಬೇಕೆ? (ಆಗುಂಬೆ ಹತ್ತಿರದಿಂದ)

ಉತ್ತರ: ಮಾಡಬೇಕಾದೀತು, ಆದರೆ ಮಾತು ಕಡಿಮೆ ಮಾಡಿದರೆ ಡಬ್ಬಿಂಗೂ ಕಡಿಮೆ. ಮಳೆಯ ಜೊತೆ ತೆಗೆದ ಮಾತಿನ ದೊಡ್ಡ ತೊಂದರೆ ಕತ್ತರಿಸುವಾಗ ಬರುತ್ತದೆ: ಒಂದು ಶಾಟ್‌ನಲ್ಲಿ ಧೋ ಎಂದು, ಇನ್ನೊಂದರಲ್ಲಿ ಜಿನುಗು. ಪ್ರತಿ ಕಟ್‌ನಲ್ಲೂ ಮಳೆ ಜಿಗಿಯುತ್ತದೆ. ಹೆಂಚಿನ ಮನೆಯಲ್ಲಿ ಇದು ಬಹಳ ಕಡಿಮೆ. ಕಥೆಗೆ ಅಡ್ಡಿಯಿಲ್ಲದಿದ್ದರೆ ಮನೆ ಬದಲಿಸಿ. ಇಲ್ಲವೆಂದರೆ ಮಳೆ ನಿಂತಾಗ ಮಾತಿನ ಶಾಟ್ ತೆಗೆದು, ಮಳೆಯ ಸದ್ದನ್ನು ಎರಡು-ಮೂರು ನಿಮಿಷ ಒಂದೇ ಸಮನೆ ಬೇರೆಯಾಗಿ ಹಿಡಿದು ಕೆಳಗೆ ಹಾಸಿ. ಮಳೆ ನಿಂತ ಅಡುಗೆಮನೆಯ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಮಾತಿನ ನಡುವಿನ ಖಾಲಿ ಜಾಗ ತುಂಬಲು ಅದು ಬೇಕೇ ಬೇಕು. ಸಂಜೆಯ ಜೀರುಂಡೆಗೂ ಇದೇ ಮದ್ದು.

ಅಡುಗೆಯ ಸದ್ದುಗಳನ್ನು ಚಿತ್ರೀಕರಣ ಮುಗಿದ ಮೇಲೆ, ಊರು ಏಳುವ ಮೊದಲು ಹಿಡಿಯಿರಿ. ಮೊಬೈಲು ಬಾಣಲೆಯಿಂದ ಒಂದೂವರೆ ಅಡಿ ದೂರದಲ್ಲಿ, ಮೇಲಲ್ಲ, ಪಕ್ಕಕ್ಕೆ ಇರಲಿ. ಎಣ್ಣೆಯೂ ಹಾರದು, ಹಬೆಯೂ ತಾಗದು. ಒಗ್ಗರಣೆಯಲ್ಲಿ ಸದ್ದು ಒಂದೇ ಅಲ್ಲ, ಮೂರು: ಸಾಸಿವೆ ಟಪಟಪ, ತೊಳೆದು ನೀರಿದ್ದ ಕರಿಬೇವು ಬಿದ್ದಾಗಿನ ಛರ್, ಕೊನೆಗೆ ಅದನ್ನು ತಂಬುಳಿಗೆ ಹಾಕಿದಾಗ ಚುಯ್ ಎಂದು ಒಮ್ಮೆಗೇ ಅಡಗುವುದು. ಮೂರನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೋಪ ಇಳಿಯುವ ದೃಶ್ಯಕ್ಕೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಸಂಗೀತ ಬೇಕಿಲ್ಲ.

ಪ್ರಶ್ನೆ: ಮದುವೆ ಮನೆಯ ಪಂಕ್ತಿ ಊಟದ ದೃಶ್ಯ. ಎಡಿಟಿಂಗ್‌ನಲ್ಲಿ ಕೂತಾಗ ಎಲೆಯ ಮೇಲಿನ ಅನ್ನ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಯಾರು ಯಾರ ಎದುರು ಕೂತಿದ್ದಾರೆಂಬುದೂ ಗೊತ್ತಾಗುತ್ತಿಲ್ಲ. (ಸೊರಬದಿಂದ)

ಉತ್ತರ: ಎರಡು ಬೇರೆ ಬೇರೆ ತೊಂದರೆ.

ಅನ್ನದ್ದು ಲೆಕ್ಕದ ಕೆಲಸ. ಒಂದು ದೃಶ್ಯಕ್ಕೆ ಮೂರು ಕೋನ, ಕೋನಕ್ಕೆ ಮೂರು ಟೇಕ್ ಎಂದರೆ ಒಬ್ಬೊಬ್ಬ ನಟನಿಗೆ ಒಂಬತ್ತು ಸಲ ಬಡಿಸಬೇಕು. ಮಾತಾಡುವ ನಟರು ನಾಲ್ವರಾದರೆ ಮೂವತ್ತಾರು ಎಲೆಯ ಬಡಿಸಾಟ. ಒಬ್ಬರನ್ನು ಬರೀ ಎಲೆ ನೋಡಲೆಂದೇ ಇಡಿ. ಪ್ರತಿ ಟೇಕ್‌ನ ಮೊದಲು, ‘ಕಟ್’ ಎಂದ ಮೇಲೆ, ಎರಡು ಸಲವೂ ಮೇಲಿನಿಂದ ಫೋಟೊ ತೆಗೆಯಲಿ. ಯಾವ ಮಾತಿಗೆ ಯಾವ ತುತ್ತು ಎಂಬುದನ್ನು ರಿಹರ್ಸಲ್‌ನಲ್ಲೇ ಗೊತ್ತುಮಾಡಿ: ‘ಜಾಗ ಮಾರಿಬಿಟ್ಟೆ’ ಎಂದಾಗ ಕೈ ಸಾರಿನಲ್ಲಿ, ಉತ್ತರ ಬರುವಾಗ ತುತ್ತು ಬಾಯಲ್ಲಿ. ತುತ್ತು ಸಣ್ಣದಿರಲಿ, ಬಾಯಿ ತುಂಬಿದರೆ ಮಾತು ಹಾಳು. ಒಂಬತ್ತು ಟೇಕಿನ ಅನ್ನ ನುಂಗಿದವನು ಹತ್ತನೆಯದಕ್ಕೆ ಮುಖ ಸಿಂಡರಿಸುತ್ತಾನೆ. ಪಕ್ಕದಲ್ಲಿ ಉಗಿಯಲು ಬಕೆಟ್ ಇಡಿ, ನಾಚಿಕೆ ಬೇಡ. ಥಂಡಿಯ ದಿನ ತುಪ್ಪ ಹೆಪ್ಪುಗಟ್ಟಿ ಅನ್ನದ ಮೇಲೆ ಬಿಳಿಯಾಗಿ ಕೂರುತ್ತದೆ, ಅದನ್ನು ಬಿಸಿನೀರಿನ ಪಾತ್ರೆಯೊಳಗೇ ಇಟ್ಟು ಬಡಿಸಿ. ತಂಡದವರ ಊಟ ಬೇರೆ ಪಾತ್ರೆಯಲ್ಲಿ ಆಗಲಿ. ಮಧ್ಯಾಹ್ನ ಯಾರೋ ಹಸಿವಿಗೆ ‘ದೃಶ್ಯದ’ ಪಲ್ಯ ಮುಗಿಸಿಬಿಟ್ಟರೆ ಸಂಜೆಯ ಶಾಟ್ ಹೋಯಿತು.

ಇನ್ನು ದಿಕ್ಕು. ಎದುರುಬದುರು ಎರಡು ಪಂಕ್ತಿ ಇದ್ದರೆ, ಮಾತಾಡುವ ಇಬ್ಬರ ನಡುವೆ ನೆಲದ ಮೇಲೆ ಒಂದು ಗೆರೆ ಇದೆ ಎಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಉಳಿಯಬೇಕು. ದಾಟಿದರೆ ಇಬ್ಬರೂ ಒಂದೇ ಕಡೆ ನೋಡುವ ಹಾಗೆ ಕಾಣುತ್ತದೆ, ನೋಡುವವರಿಗೆ ಗೊಂದಲ. ದಾಟಲೇಬೇಕೆಂದರೆ ಬಡಿಸುವವರ ಜೊತೆ ದಾಟಿ: ಸೌಟು ಹಿಡಿದ ಕೈಯನ್ನು ಹಿಂಬಾಲಿಸಿ ಕ್ಯಾಮೆರಾ ಆಚೆ ಬದಿಗೆ ಹೋದರೆ ಪ್ರೇಕ್ಷಕರೂ ಜೊತೆಗೇ ಬರುತ್ತಾರೆ. ನೆಲದ ಪಂಕ್ತಿಯಾದರೆ ಲೆನ್ಸು ಒಂದಡಿ ಎತ್ತರಕ್ಕೆ ಇಳಿಯಲಿ. ನಿಂತು ತೆಗೆದರೆ ಬರೀ ನೆತ್ತಿ. ಬಿಸಿಲು ನೇರ ಎಲೆಯ ಮೇಲೆ ಬಿದ್ದರೆ ಗಲ್ಲಕ್ಕೆ ಹಸಿರು ಬಣ್ಣ ಹೊಡೆಯುತ್ತದೆ, ಮೇಲೆ ಒಂದು ಬಿಳಿ ಪಂಚೆ ಕಟ್ಟಿ ಬೆಳಕನ್ನು ಮೆತ್ತಗೆ ಮಾಡಿ.

ಕುಡಿಬಾಳೆಯ ತುದಿ ಉಣ್ಣುವವರ ಎಡಕ್ಕಿರಲಿ. ಬಡಿಸುವ ಕ್ರಮ ಮನೆಯಿಂದ ಮನೆಗೆ ಬೇರೆ. ಕಥೆಯ ಮನೆ ಯಾರದೋ ಅವರ ಕಡೆಯ ಅಡುಗೆಯವರನ್ನೇ ಕೇಳಿ. ಲೈಟಿಂಗ್ ಕೆಟ್ಟರೆ ಕ್ಷಮಿಸುವ ಮಲೆನಾಡಿನ ಪ್ರೇಕ್ಷಕ, ಅನ್ನಕ್ಕಿಂತ ಮೊದಲು ಮಜ್ಜಿಗೆ ಬಡಿಸಿದರೆ ಕ್ಷಮಿಸುವುದಿಲ್ಲ. ಯಾರು ಕೊನೆಯ ಪಂಕ್ತಿಗೆ ಕೂರುತ್ತಾರೆ, ಅವರ ಎಲೆಗೆ ಹೋಳಿಗೆ ಉಳಿದಿತ್ತೇ ಎಂಬುದನ್ನೂ ನೋಡಿ. ನಿಮ್ಮ ನಿಜವಾದ ಚಿತ್ರ ಅಲ್ಲಿರಬಹುದು.

ಪ್ರಶ್ನೆ: ಪತ್ರೊಡೆಯ ಶೂಟಿಂಗ್‌ನಲ್ಲಿ ಎಲೆ ಸುತ್ತಿದ ಹುಡುಗಿಯ ಕೈಯೆಲ್ಲ ತುರಿಸಿ ಶೂಟಿಂಗ್ ನಿಲ್ಲಿಸಬೇಕಾಯಿತು. (ಹೊಸನಗರದಿಂದ)

ಉತ್ತರ: ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಚರ್ಮಕ್ಕೆ ಚುಚ್ಚುತ್ತವೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಎಲೆ ಮುಟ್ಟಬೇಕು. ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬಿದ್ದಿರಬೇಕು, ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಬೇಕು. ಅರೆಬೆಂದದ್ದನ್ನು ನಟರಿಗೆ ತಿನ್ನಿಸಬೇಡಿ, ಗಂಟಲೇ ಕಚ್ಚುತ್ತದೆ. ಮರಗಳ ಮೇಲೆ ಮಳೆಗಾಲದಲ್ಲಿ ಬರುವ ಮರಕೆಸು ಸಿಕ್ಕಿದರೆ ಅದನ್ನೇ ತನ್ನಿ, ಅದರ ತುರಿಕೆ ಕಡಿಮೆ ಎಂದೇ ಹೆಚ್ಚಿನ ಮನೆಗಳಲ್ಲಿ ಹೇಳುತ್ತಾರೆ. ಕೈಯ ಕ್ಲೋಸಪ್‌ಗೆ ದಿನಾ ಪತ್ರೊಡೆ ಮಾಡುವವರ ಕೈ ಇರಲಿ. ನಟಿಯ ಬೆರಳು ಎಲೆಯ ನಾರು ಸೀಳುವುದರಲ್ಲೇ ಗುಟ್ಟು ಬಿಟ್ಟುಕೊಡುತ್ತದೆ.

ಪ್ರಶ್ನೆ: ಅಜ್ಜಿಯ ಅಡುಗೆಯ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಎಷ್ಟು ಹಾಕಬೇಕು ಎಂದು ಕೇಳಿದರೆ ‘ಹದ ನೋಡಿ ಹಾಕು’ ಎನ್ನುತ್ತಾರೆ. ಭೂಮಿ ಹುಣ್ಣಿಮೆಯ ಅಡುಗೆಯನ್ನೂ ಸೇರಿಸಬೇಕೆಂದಿದೆ. (ಸಾಗರ ತಾಲ್ಲೂಕಿನಿಂದ)

ಉತ್ತರ: ಅಜ್ಜಿಯ ಕೈಗೆ ಚಮಚ ಕೊಡಬೇಡಿ, ಕೊಟ್ಟ ಕೂಡಲೇ ಆ ಕೈ ಬದಲಾಗುತ್ತದೆ. ಉಪ್ಪಿನ ಮರಿಗೆ, ಹುಣಸೆಯ ಡಬ್ಬಿ, ಬೆಲ್ಲದ ಪಾತ್ರೆಯನ್ನು ಮೊದಲೇ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿದರೆ ವ್ಯತ್ಯಾಸವೇ ಅವರ ಅಳತೆ. ‘ಹೇಗೆ ಮಾಡ್ತೀರಿ’ ಎಂದು ಕೇಳಿದರೆ ಪಾಠ ಒಪ್ಪಿಸುತ್ತಾರೆ. ‘ನೀರು ಜಾಸ್ತಿ ಆಗಿಹೋದ್ರೆ ಏನ್ ಮಾಡ್ತಿದ್ರಿ ಅಜ್ಜಿ?’ ಎಂದು ಕೇಳಿ. ಕೆಟ್ಟದ್ದನ್ನು ಸರಿ ಮಾಡಿದ ನೆನಪಿನ ಜೊತೆ ಮನೆಯ ಬಡತನ, ಜಗಳ, ಬಂದ ನೆಂಟರು ಎಲ್ಲ ಬರುತ್ತಾರೆ. ಕೇಳುವುದು ಅವರ ಕೈ ಕೆಲಸದಲ್ಲಿದ್ದಾಗ. ಮೊದಲ ದಿನ ಬರೀ ಧ್ವನಿ ಹಿಡಿಯಿರಿ, ಎರಡನೆಯ ದಿನ ಕ್ಯಾಮೆರಾ ಹೊರತೆಗೆಯಿರಿ. ಚಿತ್ರವನ್ನು ಎಲ್ಲಿ ತೋರಿಸುತ್ತೀರಿ ಎಂದು ಅವರಿಗೆ ಅರ್ಥವಾಗುವ ಹಾಗೆ ಹೇಳಿ ಒಪ್ಪಿಗೆ ಬರೆಸಿಕೊಳ್ಳಿ, ಸ್ವಂತ ಅಜ್ಜಿಯಾದರೂ ಸರಿ.

ಬೆಳೆ ಹೊತ್ತ ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯ ಮಾತು ಬೇರೆ. ರಾತ್ರಿಯಿಡೀ ಅಡುಗೆ, ಬೆಳಗಿನ ಜಾವ ಹಚ್ಚಂಬಲಿ (ಭೂಮಿಗೆ ಎರಚುವ ನೈವೇದ್ಯ) ಬೀರುತ್ತಾ ಗದ್ದೆ-ತೋಟಕ್ಕೆ ಹೋಗುವುದು, ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ. ಇದು ಪೂಜೆ, ‘ಇನ್ನೊಂದ್ ಸಲ ಬೀರಿ’ ಎನ್ನುವ ಹಾಗಿಲ್ಲ. ಮುಂಚಿತವಾಗಿ ಮನೆಯವರನ್ನು ಕೇಳಿ, ಎಲ್ಲಿಯವರೆಗೆ ಬರಬಹುದು ಎಂದು ಗೊತ್ತುಮಾಡಿಕೊಳ್ಳಿ. ಇನ್ನೊಬ್ಬರ ಮೊಬೈಲನ್ನೂ ಕೇಳಿ ಪಡೆದು ಎರಡು ಕ್ಯಾಮೆರಾ ಇಡಿ: ಒಂದು ಬುಟ್ಟಿ ಹೊತ್ತವರ ಹಿಂದೆ, ಇನ್ನೊಂದು ಗದ್ದೆಯ ಅಂಚಿನಲ್ಲಿ ಅಲ್ಲಾಡದೆ. ಕತ್ತಲಿಗೆ ಹೆದರಿ ಎಲ್‌ಇಡಿ ಪ್ಯಾನೆಲ್ ಹೊತ್ತಿಸಬೇಡಿ. ಅವರ ಕೈಯ ದೊಂದಿಯೋ ಟಾರ್ಚೋ ಎಷ್ಟು ಬೆಳಗುತ್ತದೋ ಅಷ್ಟೇ ಸಾಕು, ಚಿತ್ರ ಸ್ವಲ್ಪ ಕಾಳು ಕಾಳಾಗಿ ಬಂದರೂ ಬರಲಿ.

ಪ್ರಶ್ನೆ: ಕಡುಬು-ಕೋಳಿ ಸಾರಿನ ಕಥೆಯಲ್ಲಿ ಕೋಳಿ ಕೊಯ್ಯುವುದನ್ನು ತೋರಿಸಬಹುದೆ? (ಕೊಪ್ಪದಿಂದ)

ಉತ್ತರ: ಚಿತ್ರಮಂದಿರಕ್ಕೆ ಹೋಗುವ ಆಲೋಚನೆಯಿದ್ದರೆ ಬೇಡ. ಪ್ರಾಣಿಗಳನ್ನು ಬಳಸಿದ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಕೇಳುವಾಗ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಕಥೆಗೂ ಅದು ಬೇಕಾಗಿಲ್ಲ. ಅಂಗಳದಲ್ಲಿ ಕೋಳಿಗಳು ಇದ್ದಕ್ಕಿದ್ದಂತೆ ಚೆದುರುವ ಸದ್ದು, ಹಂಡೆಯಲ್ಲಿ ಕಾಯುವ ನೀರು, ಮಗು ಊಟಕ್ಕೆ ಕೂರಲು ಒಪ್ಪದಿರುವುದು ಇಷ್ಟಿದ್ದರೆ ನೋಡುವವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ.

ಪ್ರಶ್ನೆ: ಸಿನಿಮಾ ನೋಡುವುದನ್ನು ಕಲಿಯಲು ಬೆಂಗಳೂರಿಗೇ ಹೋಗಬೇಕೆ? (ರಿಪ್ಪನ್‌ಪೇಟೆಯಿಂದ)

ಉತ್ತರ: ನಿಮ್ಮಿಂದ ಸಾಗರ ತಾಲ್ಲೂಕಿನ ಹೆಗ್ಗೋಡು ಹತ್ತಿರ. ಅಲ್ಲಿ 1949ರಲ್ಲಿ ಶುರುವಾದ ನೀನಾಸಂ ಸಂಸ್ಥೆ ನಾಟಕಕ್ಕೆ ಹೆಸರಾದದ್ದು ನಿಜ, ಆದರೆ 1973ರಲ್ಲೇ ಅಲ್ಲಿ ಚಿತ್ರಸಮಾಜ ಹುಟ್ಟಿ, ಅಡಿಕೆ ತೋಟದ ನಡುವಿನ ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿದ್ದಾರೆ. ಅಲ್ಲಿನ ಶಿಬಿರಗಳ ಬಗ್ಗೆ ವಿಚಾರಿಸಿ. ಮನೆಯಲ್ಲಿ ನೋಡುವಾಗ ಒಂದು ಊಟದ ದೃಶ್ಯ ಆರಿಸಿಕೊಂಡು ಸದ್ದು ನಿಲ್ಲಿಸಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳಿ. ಎಷ್ಟು ಶಾಟ್‌ನಲ್ಲಿ ಆಹಾರ ಕಾಣುತ್ತದೆ, ಎಷ್ಟರಲ್ಲಿ ಮುಖ ಕಾಣುತ್ತದೆ ಎಣಿಸಿ.

ಪ್ರಶ್ನೆ: ಅಡುಗೆಮನೆಗೆ ಹೋದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ಹೋದ ಮಳೆಗಾಲದಲ್ಲಿ ಒಂದು ಲೆನ್ಸಿನ ಒಳಗೆ ಬಿಳಿ ಬೂಷ್ಟೂ ಬಂತು. (ತೀರ್ಥಹಳ್ಳಿಯಿಂದ)

ಉತ್ತರ: ತಣ್ಣಗಿನ ಗಾಜಿಗೆ ಬಿಸಿ ಹಬೆ ತಾಗಿದರೆ ಮಂಜು ಕೂರುವುದೇ. ಕ್ಯಾಮೆರಾವನ್ನು ಚೀಲದಿಂದ ತೆಗೆಯದೆ, ಚೀಲ ಸಮೇತ ಅಡುಗೆಮನೆಯಲ್ಲಿ ಅರ್ಧ ಗಂಟೆ ಇಡಿ, ಗಾಜು ಒಳಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಎಸಿ ಕಾರಿನಲ್ಲಿ ಬಂದಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಕೂತ ಮಂಜನ್ನು ಸೆರಗಿನಲ್ಲೋ ಪಂಚೆಯಲ್ಲೋ ಒರೆಸಬೇಡಿ. ಅಡುಗೆಮನೆಯ ಹಬೆಯಲ್ಲಿ ಎಣ್ಣೆಯ ಪಸೆ ಇರುತ್ತದೆ, ಒರೆಸಿದರೆ ಹರಡಿ ಗಾಜೆಲ್ಲ ಮಬ್ಬಾಗುತ್ತದೆ. ಮೈಕ್ರೋಫೈಬರ್ ಬಟ್ಟೆ, ಲೆನ್ಸ್ ಒರೆಸುವ ದ್ರವ ಎರಡು ಹನಿ; ದ್ರವ ಬಟ್ಟೆಗೆ ಹಾಕಬೇಕು, ಗಾಜಿಗಲ್ಲ.

ಬೂಷ್ಟು ಗಾಳಿಯ ತೇವದಿಂದ ಬರುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲ, ಬೀರು, ಪೆಟ್ಟಿಗೆ ಯಾವುದೂ ಬೇಡ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ ಇಡಿ. ಪುಟ್ಟ ಪೊಟ್ಟಣ ಸಾಲದು, ಹತ್ತು ಲೀಟರಿನ ಡಬ್ಬಿಗೆ 100 ಗ್ರಾಂ ಆದರೂ ಬೇಕು. ಒಳಗೆ ಒಂದು ಸಣ್ಣ ತೇವಮಾಪಕ ಇದ್ದರೆ ಅದು ಶೇಕಡಾ 40ರಿಂದ 50ರ ನಡುವೆ ತೋರಿಸಬೇಕು. ಕಿತ್ತಳೆ ಹರಳು ಹಸಿರಾದಾಗ, ನೀಲಿಯದು ಗುಲಾಬಿಯಾದಾಗ, ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಮೊದಲಿನ ಬಣ್ಣ ಬರುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಆದ್ದರಿಂದ ಹುರಿದ ಬಾಣಲೆಯನ್ನು ಮತ್ತೆ ಅಡುಗೆಗೆ ತೆಗೆದುಕೊಳ್ಳಬೇಡಿ. ಬೂಷ್ಟು ಹಿಡಿದ ಲೆನ್ಸನ್ನು ಉಳಿದವುಗಳ ಡಬ್ಬಿಯಲ್ಲಿ ಇಡದೆ ಬೇರೆ ಮಾಡಿ, ಬಿಚ್ಚಿ ತೊಳೆಯಬಲ್ಲ ರಿಪೇರಿಯವರಿಗೆ ಕೊಡಿ. ಬಿಟ್ಟಷ್ಟೂ ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ತೊಳೆದರೂ ಕಲೆ ಹೋಗುವುದಿಲ್ಲ.